ಯಾರ ಅಕ್ಷರದಲ್ಲಿ ಯಾರ ಪ್ರಬಂಧ

ಕಳೆದ ಚಳಿಗಾಲದಲ್ಲಿ ಆಳಂದದ ಒಂದು ಪ್ರೌಢಶಾಲೆಗೆ ಮಾತಾಡಲು ಹೋಗಿದ್ದೆ. ಕರೆದವಳು ನನ್ನ ಹೈಸ್ಕೂಲಿನ ಗೆಳತಿ, ಅಲ್ಲಿ ಕನ್ನಡ ಕಲಿಸುತ್ತಾಳೆ. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಆಗಾಗ ಪತ್ರಿಕೆಗಳಿಗೆ ಪ್ರಬಂಧ ಬರೆಯುತ್ತೇನೆ. ನಾನು ಬರೆಯಲು ಶುರುಮಾಡಿದ್ದು ಹೇಗೆ ಎಂದು ಮಕ್ಕಳಿಗೆ ಹೇಳಬೇಕೆಂದು ಅವಳು ಫೋನಿನಲ್ಲಿ ತಿಳಿಸಿದಾಗ ತಯಾರಿಯ ಅಗತ್ಯವೇ ಕಾಣಲಿಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಬಹಳ ವರ್ಷಗಳಿಂದ ಒಂದು ಉತ್ತರ ಸಿದ್ಧವಿದೆ. ಒಂಬತ್ತನೆಯ ತರಗತಿಯಲ್ಲಿ ನಾನು ಬರೆದ ಒಂದು ಪ್ರಬಂಧದ ಕತೆ ಅದು.

ಆ ದಿನ ನನಗಿಂತ ಮೊದಲು ಅವಳು ಮಾತಾಡಿದಳು. ಮಾತಾಡುತ್ತ ಮಕ್ಕಳಿಗೆ ಆ ಪ್ರಬಂಧದ ಕತೆಯನ್ನೇ ಹೇಳಿದಳು, ತಾನು ಬರೆದದ್ದೆಂದು.

ನೆನಪನ್ನು ನಾನು ಸುಲಭವಾಗಿ ನಂಬುವವಳಲ್ಲ. ಡಿಗ್ರಿಗೆ ಸೇರಿದ ವರ್ಷದಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಹಳೆಯದನ್ನು ತೆಗೆದು ಓದಿದಾಗಲೆಲ್ಲ ಸೋಲುವುದು ನೆನಪೇ. ಹಾಸ್ಟೆಲಿಗೆ ಸೇರಿದ ಮೊದಲ ದಿನ ತುಂಬ ಅತ್ತೆನೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿಯಲ್ಲಿ ಆ ದಿನ, ಕೋಣೆಯ ಫ್ಯಾನು ಚೆನ್ನಾಗಿ ತಿರುಗುತ್ತದೆ, ಸಾರು ಪರವಾಗಿಲ್ಲ ಎಂದಷ್ಟೇ ಇದೆ. ಅಳುವನ್ನು ಆಮೇಲೆ ಎಲ್ಲಿಂದ ತಂದುಕೊಂಡೆನೋ ಗೊತ್ತಿಲ್ಲ. ಹೈಸ್ಕೂಲಿನ ದಿನಗಳಿಗಾದರೆ ಅಷ್ಟು ಸಾಕ್ಷಿಯೂ ಇಲ್ಲ. ಹಾಗಾಗಿ ಮುಂದಿನದು ನನಗೆ ನೆನಪಿರುವಂತೆ, ಅಷ್ಟೇ.

ನಾವು ಓದಿದ್ದು ಅಫಜಲಪುರದಲ್ಲಿ. ನನ್ನ ಅಪ್ಪ ಅಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಗೆಳತಿಯದು ಘತ್ತರಗಿ. ಅವಳ ಅಪ್ಪನಿಗೆ ಅಲ್ಲಿ ಸ್ವಲ್ಪ ಹೊಲವಿತ್ತು, ದೇವಿಯ ಗುಡಿಯ ದಾರಿಯಲ್ಲಿ ಕಾಯಿ ಕುಂಕುಮದ ಒಂದು ಅಂಗಡಿಯೂ ಇತ್ತು. ದಿನವೂ ಬಸ್ಸಿಗೆ ಬರುತ್ತಿದ್ದಳು. ಇಬ್ಬರೂ ಒಂದೇ ಬೆಂಚು. ಅವಳ ಅಕ್ಷರ ಅಚ್ಚು ಹಾಕಿದಂತೆ ಇರುತ್ತಿತ್ತು, ನನ್ನದು ಕಾಗೆ ಕಾಲು ಗುಬ್ಬಿ ಕಾಲು. ಮಾತಿನಲ್ಲಿ ಇಬ್ಬರೂ ಸಮ.

ನಮಗೆ ಪ್ರಬಂಧ ಎಂದರೆ ಗೈಡು. ಬಾಯಿಪಾಠ ಮಾಡಬೇಕು, ಪರೀಕ್ಷೆಯಲ್ಲಿ ಇಳಿಸಬೇಕು. 'ನಮ್ಮ ಊರು' ಎಂಬ ಪ್ರಬಂಧದಲ್ಲಿ ತೆಂಗಿನ ತೋಟ ಬರುತ್ತಿತ್ತು, ಜುಳುಜುಳು ಹರಿಯುವ ಹಳ್ಳ ಬರುತ್ತಿತ್ತು, ಕೋಗಿಲೆ ಬರುತ್ತಿತ್ತು. ಶಾಲೆಯ ಕಪಾಟಿನಲ್ಲಿದ್ದ ಕತೆ ಪುಸ್ತಕಗಳಲ್ಲೂ ಅದೇ ಊರು. ನಾವು ಅದನ್ನು ಸುಳ್ಳೆಂದು ತಿಳಿದಿರಲಿಲ್ಲ. ಬರಹದಲ್ಲಿ ಊರು ಎಂದರೆ ಹಾಗಿರುತ್ತದೆ ಎಂದು ತಿಳಿದಿದ್ದೆವು. ತೊಗರಿ ಹೊಲ, ಕರಿ ನೆಲ, ಕಲ್ಲಿನ ಮಾಳಿಗೆ ಮನೆ ಇರುವ ನಮ್ಮ ಊರು ಬರೆಯುವುದಕ್ಕಲ್ಲ, ಇರುವುದಕ್ಕೆ.

ಒಂಬತ್ತನೆಯ ತರಗತಿಗೆ ಬಂದ ಕನ್ನಡ ಸರ್‌ಗೆ ಇದನ್ನು ಸಹಿಸಲಾಗಲಿಲ್ಲ. ಅವರು ಜೇವರ್ಗಿ ಕಡೆಯವರು. ಪರೀಕ್ಷೆಯ ಪೇಪರುಗಳನ್ನು ತಂದು ಮೇಜಿನ ಮೇಲೆ ಒಗೆದರು.

"ಏನ್ರಲೇ, ಎಲ್ಲಾರ ಊರಾಗೂ ತೆಂಗಿನ ತೋಟ! ನಮ್ಮ ತಾಲ್ಲೂಕಿನ್ಯಾಗ ಎಲ್ಲಿ ಅದ ತೋರಸ್ರಿ ನೋಡೋಣು. ಎಳನೀರರ ಕುಡದು ಬರ್ತೇನಿ."

"ಗೈಡಿನ್ಯಾಗ ಅದರೀ ಸರ್," ಎಂದ ಹಿಂದಿನ ಬೆಂಚಿನ ಒಬ್ಬ.

"ಹೌದೇನು? ಹಂಗಾದ್ರ ನಿನ್ನ ಗೈಡ ಕೊಡು, ಹಿಂಡಿ ಕುಡೀತೇನಿ."

ಆ ವಾರ ವಚನಗಳ ಪಾಠ ನಡೆದಿತ್ತು. ವಚನಕಾರರು ಕೊನೆಯಲ್ಲಿ ತಮ್ಮ ಹೆಸರು ಹಾಕುತ್ತಿರಲಿಲ್ಲ, ತಾವು ನಂಬಿದ ದೇವರನ್ನು ಒಂದು ಹೆಸರಿಟ್ಟು ಕರೆಯುತ್ತಿದ್ದರು, ಅದಕ್ಕೆ ಅಂಕಿತ ಎನ್ನುತ್ತಾರೆ, ಆ ಕರೆಯಿಂದಲೇ ವಚನ ಯಾರದೆಂದು ತಿಳಿಯುತ್ತದೆ ಎಂದು ಸರ್ ಹೇಳಿಕೊಟ್ಟಿದ್ದರು. ಪೇಪರು ಒಗೆದ ದಿನ ಅದನ್ನೇ ಹಿಡಿದು ಹೊಸ ಕೆಲಸ ಕೊಟ್ಟರು. ವಿಷಯ: ನಾನು ಯಾರು.

"ಹೆಸರ ಬ್ಯಾಡ, ರೋಲ್ ನಂಬರ ಬ್ಯಾಡ. ಕಡೀಕ ನಿಮ್ಮದೇ ಒಂದು ಅಂಕಿತ ಇಟ್ಕೊರಿ. ಹೆಸರ ಇಲ್ಲಂದ್ರ ಖರೇ ಬರೀತೀರಿ."

ನಮ್ಮ ಮುಂದಿನ ಬೆಂಚಿನ ಮುಸ್ಲಿಂ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಮಂದ್ಯಾಗ ಅಂಕಿತ ಇರಂಗಿಲ್ರಿ."

"ಇವತ್ತಿನ ತನಕ ಇರ್ಲಿಲ್ಲವಾ. ಇವತ್ತ ಇಟ್ಕೊ."

ಅವಳು 'ನಡುಮನೆಯ ಮಾಲೀಕಾ' ಎಂದು ಇಟ್ಟುಕೊಂಡಳು. ಹಿಟ್ಟಿನ ಗಿರಣಿಯವರ ಮಗ 'ಗಿರಣಿಯ ಪಟ್ಟೇಶ್ವರಾ' ಎಂದ. ಸೊನ್ನದಿಂದ ಬರುವವನೊಬ್ಬ ತನ್ನ ಊರಿನ ಹೊಳೆಗೆ ಕಟ್ಟಿದ ಬ್ಯಾರೇಜಿನ ನೆನಪಿಗೆ 'ಗೇಟು ತೆರೆವ ಒಡೆಯಾ' ಎಂದ. ಕೇಳಿ ನಕ್ಕವರೇ ಎಲ್ಲ. ಆದರೆ ಯಾವ ಅಂಕಿತ ಯಾರದೆಂದು ಹೀಗೆ ಮೊದಲ ದಿನವೇ ಬಯಲಾದದ್ದರಿಂದ ಎಲ್ಲರೂ ಮನೆಗೆ ಹೋಗಿ ಬೇರೆ ಬೇರೆ ಇಟ್ಟುಕೊಂಡು ಬಂದರು.

ಆಗ ಇನ್ನೊಂದು ತೊಡಕು ಹೊಳೆಯಿತು. ಹೆಸರಿಲ್ಲದಿದ್ದರೇನು, ಸರ್ ನಮ್ಮ ಅಕ್ಷರ ಗುರುತಿಸುತ್ತಾರೆ. ಖರೇ ಬರೆದು ಸಿಕ್ಕಿಬಿದ್ದರೆ? ಇದಕ್ಕೆ ಉಪಾಯ ಹುಡುಕಿದವನು ಗಿರಣಿಯವರ ಮಗನೇ. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು. ಆಮೇಲೆ ಬದಲಿ. ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ. ಇಡೀ ತರಗತಿ ಒಪ್ಪಿತು. ಪ್ರಾಮಾಣಿಕವಾಗಿ ಬರೆಯುವುದಕ್ಕೆಂದೇ ನಾವೆಲ್ಲ ಸೇರಿ ಸರ್ ಕಣ್ಣಿಗೆ ಮಣ್ಣೆರಚಿದೆವು.

ನಾನೂ ಗೆಳತಿಯೂ ಊಟದ ಬಿಡುವಿನಲ್ಲಿ ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಮೆಟ್ಟಿಲ ಮೇಲೆ ಕೂತೆವು. ನಾನು ಹೇಳಿದೆ, ಅವಳು ಬರೆದಳು. ಮರುದಿನ ಅವಳು ಹೇಳಿದಳು, ನಾನು ಬರೆದೆ. ಸುಮ್ಮನೆ ಬರೆಯುವ ಪೈಕಿ ಇಬ್ಬರೂ ಅಲ್ಲ. "ಹಂಗ ಬ್ಯಾಡ ಬೇ, ಹಿಂಗ ಹಾಕು" ಎಂದು ನಡುವೆ ಬಾಯಿ ಹಾಕುತ್ತಿದ್ದೆವು.

ನಾನು ಹೇಳಿದ್ದು ಇಷ್ಟಲಿಂಗದ ವಿಷಯ. ನಮ್ಮಂಥ ಮನೆಗಳಲ್ಲಿ ಲಿಂಗವನ್ನು ಕೊರಳಲ್ಲಿ ಕಟ್ಟಿಕೊಳ್ಳುತ್ತಾರೆ. ಮುಂಜಾನೆ ಮೈ ತೊಳೆದ ಮೇಲೆ ಅದನ್ನು ಎಡ ಅಂಗೈ ಮೇಲಿಟ್ಟು ಕಣ್ಣು ಕದಲಿಸದೆ ನೋಡುತ್ತ ಕೂರಬೇಕು. ರಜೆಗೆ ಕೊಳಕೂರಿಗೆ ಹೋದಾಗ ನನ್ನ ತಾಯಿಯ ತಾಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು "ದೇವರನ್ನ ನೋಡು" ಎನ್ನುತ್ತಿದ್ದಳು. ಲಿಂಗದ ಕರಿ ಮೈ ನುಣುಪಾಗಿತ್ತು. ಅದರಲ್ಲಿ ನನಗೆ ಕಾಣುತ್ತಿದ್ದುದು ಸಾಸಿವೆಯಷ್ಟು ಒಂದು ಮುಖ, ಅದರ ಹಿಂದೆ ಕಿಟಕಿ, ಕಿಟಕಿಯ ಸರಳು. ಮುಖ ನನ್ನದೇ. ಇದು ಪಾಪವಿರಬೇಕೆಂದು ಬಹಳ ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ದಿನ ಅಜ್ಜಿಯನ್ನು ಕೇಳಿದೆ.

"ಆಯಿ, ನನಗ ದೇವರು ಕಾಣವಲ್ಲ. ನಾನೇ ಕಾಣಾಕತ್ತೇನಿ."

"ಕಂಡ್ರ ಕಾಣ್ಲಿ ಬಿಡವಾ. ಇನ್ನೂ ಸ್ವಲ್ಪ ಹೊತ್ತ ನೋಡು. ಯಾರಿಕಿ ಅಂತ ಕೇಳು."

ಪ್ರಬಂಧದ ಕೊನೆಯ ಸಾಲು: ಇನ್ನೂ ಕೇಳುತ್ತಿದ್ದೇನೆ, ಕಿಡಕಿಯ ದೇವಾ. ಕಿಟಕಿಗೆ ನಮ್ಮ ಕಡೆ ಕಿಡಕಿ ಎನ್ನುತ್ತೇವೆ. ಬರಹದಲ್ಲಿ ಆ ಶಬ್ದ ಹಾಕಬಹುದೋ ಇಲ್ಲವೋ ಎಂದು ಮೆಟ್ಟಿಲ ಮೇಲೆ ಚರ್ಚೆಯಾದದ್ದು ನೆನಪಿದೆ.

ಸರ್ ಕೆಲವನ್ನು ತರಗತಿಯಲ್ಲಿ ಓದಿದರು. 'ಕಿಡಕಿಯ ದೇವಾ' ಎಂದು ಮುಗಿಯುವುದನ್ನೂ ಓದಿದರು. ಯಾರದೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಪೇಪರುಗಳನ್ನು ಅವರು ತಿರುಗಿ ಕೊಡಲಿಲ್ಲ. ಮುಂದೆ ವರ್ಗವಾಗಿ ಹೋದರು.

ಅವತ್ತು ಬೆಂಚಿನಲ್ಲಿ ಕೂತು ನನ್ನದೇ ಮಾತನ್ನು ಬೇರೆಯವರ ಬಾಯಿಂದ ಕೇಳಿದಾಗ ನಾನು ಒಬ್ಬಳಿದ್ದೇನೆ ಎಂಬುದು ಮೊದಲ ಸಲ ನನಗೇ ಗೊತ್ತಾಯಿತು. ಇದು ದೊಡ್ಡ ಮಾತಿನಂತೆ ಕೇಳಿಸುತ್ತದೆ. ಆದರೆ ಇದಕ್ಕಿಂತ ಸಣ್ಣದಾಗಿ ಹೇಳಲು ನನಗೆ ಬರುವುದಿಲ್ಲ. ಅಂದಿನಿಂದ ನಾನು ಬರೆಯುವವಳು. ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಯ ಭಾನುವಾರದ ಪುಟದಲ್ಲಿ ಇದನ್ನೇ ಬರೆದಿದ್ದೆ. ಎಲ್ಲಿ ಯಾರು ಕೇಳಿದರೂ ಇದನ್ನೇ ಹೇಳುತ್ತ ಬಂದಿದ್ದೆ.

ಈಗ ಆಳಂದ. ಶಾಲೆಯ ಹಾಲ್‌ನಲ್ಲಿ ಮಕ್ಕಳು ಜಮಖಾನೆಯ ಮೇಲೆ ಕೂತಿದ್ದರು. ಮೇಜಿನ ಈಚೆ ನಾನು, ಮುಖ್ಯೋಪಾಧ್ಯಾಯರು, ಗೆಳತಿ. ಅವಳು ನನ್ನನ್ನು ಪರಿಚಯಿಸಿದಳು. ಆಮೇಲೆ, ಇವರು ಮಾತಾಡುವ ಮೊದಲು ನಾವಿಬ್ಬರೂ ಓದಿದ ಶಾಲೆಯ ಒಂದು ಸಂಗತಿ ಹೇಳುತ್ತೇನೆ ಎಂದು ಶುರುಮಾಡಿದಳು. ಗೈಡಿನ ತೆಂಗಿನ ತೋಟ ಬಂತು. ಮಕ್ಕಳು ನಕ್ಕರು. ಅಂಕಿತದ ಕೆಲಸ ಬಂತು. ನಾನೂ ನಗುತ್ತ ಕೇಳುತ್ತಿದ್ದೆ. ಆಮೇಲೆ ಅವಳು ತನ್ನ ಎಡ ಅಂಗೈಯನ್ನು ಮುಂದೆ ಚಾಚಿದಳು.

"ನಮ್ಮ ಆಯಿ ನನಗ ಹೇಳ್ತಿದ್ಳು, ಲಿಂಗದಾಗ ದೇವರನ್ನ ನೋಡಂತ. ನಾ ನೋಡಿದ್ರ ಏನ್ ಕಾಣ್ತಿತ್ತು ಹೇಳ್ರಿ? ಈ ಮಾರಿ!" ಎಂದು ತನ್ನ ಮುಖ ಮುಟ್ಟಿ ತೋರಿಸಿದಳು.

ಅವಳ ಕತೆಯಲ್ಲಿ ಅಜ್ಜಿ ಘತ್ತರಗಿಯವಳು. ಕಿಟಕಿಯಾಚೆ ಹೊಳೆಯ ಬೆಳಕಿತ್ತು. ಉಳಿದದ್ದೆಲ್ಲ ಒಂದೇ. ಸಾಸಿವೆಯಷ್ಟು ಮುಖ, ಸರಳು, ಪಾಪದ ಅಂಜಿಕೆ. "ಯಾರಿಕಿ ಅಂತ ಕೇಳು" ಎಂಬ ಮಾತೂ ಅದೇ. ಕನ್ನಡ ಸರ್ ಓದಿ ಯಾರದೆಂದು ಕೇಳಿದರೆಂದೂ ತಾನು ಕೈ ಎತ್ತಿದೆನೆಂದೂ ಹೇಳಿದಳು. ಸರ್ ಆ ಹಾಳೆಯನ್ನು ತನ್ನ ಅಪ್ಪನಿಗೆ ತೋರಿಸಿದರಂತೆ. ಹತ್ತನೆಯದಕ್ಕೆ ಮಗಳ ಶಾಲೆ ಬಿಡಿಸಬೇಕೆಂದಿದ್ದ ಅಪ್ಪ ಅದನ್ನು ಕೇಳಿ ಕಾಲೇಜಿಗೆ ಕಳಿಸಿದನಂತೆ.

"ಇಲ್ಲಾಂದ್ರ ನಾ ಇಲ್ಲಿ ನಿಮ್ಮ ಮುಂದ ನಿಂದ್ರುತಿರ್ಲಿಲ್ಲ. ಅದಕ್ಕೇ ಹೇಳ್ತೇನಿ, ಗೈಡ ಬಿಡ್ರಿ, ನಿಮ್ಮದ ನೀವ ಬರೀರಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಕೂತಳು, ನನ್ನ ಕಡೆ ನೋಡಲಿಲ್ಲ. ಮುಖ್ಯೋಪಾಧ್ಯಾಯರು "ಈಗ ನೀವು ಮಾತಾಡ್ರಿ ಮೇಡಂ" ಎಂದರು.

ಎದ್ದು ಮೈಕಿನ ಹತ್ತಿರ ಹೋಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನನಗಿತ್ತು. ನಾನು ಸಿದ್ಧವಿಟ್ಟಿದ್ದ ಕತೆ ಹೇಳಿದರೆ ಈ ಮಕ್ಕಳ ಮುಂದೆ ಅವರ ಟೀಚರು ಸುಳ್ಳಿ. ನಿಮ್ಮದನ್ನು ನೀವೇ ಬರೆಯಿರಿ ಎಂದವಳು ಬೇರೆಯವರದನ್ನು ತನ್ನದೆಂದಳು ಎಂದಾಗುತ್ತದೆ. ಹೇಳದಿದ್ದರೆ ನನ್ನ ಹತ್ತಿರ ಏನೂ ಇಲ್ಲ. ಅದೊಂದು ಪ್ರಬಂಧವನ್ನು ತೆಗೆದರೆ ನಾನು ಬರೆಯಲು ಶುರುಮಾಡಿದ್ದು ಹೇಗೆಂಬುದು ನನಗೇ ಗೊತ್ತಿಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

"ಒಂಬತ್ತನೆಯ ತರಗತಿಯಲ್ಲಿ ಈ ಕೈಯಿಂದ ಬರೆದ ಒಂದು ಪ್ರಬಂಧ ಹೇಳುತ್ತೇನೆ," ಎಂದೆ. ಶಬ್ದ ಆರಿಸಿಕೊಂಡೇ ಹೇಳಿದ್ದು. ಮೆಟ್ಟಿಲ ಮೇಲೆ ಕೂತು ಎರಡನೆಯ ದಿನ ಗೆಳತಿ ಹೇಳಿ ನಾನು ಬರೆದದ್ದು ಅದು. ಇಷ್ಟು ವರ್ಷ ಅದನ್ನು ಒಮ್ಮೆಯೂ ನೆನೆಸಿಕೊಂಡಿರಲಿಲ್ಲ. ಬಾಯಿ ತೆಗೆದರೆ ಸಾಲು ಸಾಲಾಗಿ ಬಂತು.

ಅಮವಾಸ್ಯೆಗೆ ಘತ್ತರಗಿಯ ದೇವಿಯ ಗುಡಿಗೆ ಜನ ಸೇರುತ್ತಾರೆ. ಗುಡಿಯ ದಾರಿಯಲ್ಲಿ ಕಾಯಿ ಕುಂಕುಮದ ಅಂಗಡಿಗಳು. ಹುಡುಗಿ ಇನ್ನೂ ಸಣ್ಣವಳು. ಮೈಕಿನಲ್ಲಿ ಕೂಗುತ್ತಿದ್ದಾರೆ: ಹಳದಿ ಫ್ರಾಕು, ಎರಡು ಜಡೆ, ಕೆಂಪು ರಿಬ್ಬನ್ನು, ಕೈಗೆ ಕರಿ ದಾರ, ಇಂಥ ಹುಡುಗಿ ಎಲ್ಲಿದ್ದರೂ ಗುಡಿಯ ಕಚೇರಿಗೆ ಬರಬೇಕು. ಹುಡುಗಿ ತನ್ನನ್ನು ನೋಡಿಕೊಳ್ಳುತ್ತಾಳೆ. ಹಳದಿ ಫ್ರಾಕು. ಜಡೆ ಮುಟ್ಟಿ ನೋಡುತ್ತಾಳೆ. ಎರಡು. ಕೈಯಲ್ಲಿ ಕರಿ ದಾರ. ತಾನು ಕಳೆದುಹೋಗಿಲ್ಲ ಎಂದು ಗೊತ್ತು, ಆದರೂ ಕರೆಯುತ್ತಿದ್ದಾರಲ್ಲ ಎಂದು ಹೋಗಿ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಗುರುತಿಲ್ಲದ ಒಬ್ಬ ಹೆಂಗಸು ಓಡುತ್ತ ಬಂದು ಹಿಂದಿನಿಂದ ಅವಳ ಭುಜ ಹಿಡಿದು ತಿರುಗಿಸುತ್ತಾಳೆ. ಮುಖ ನೋಡುತ್ತಾಳೆ. "ನೀ ಅಲ್ಲ" ಎನ್ನುತ್ತಾಳೆ. ಪ್ರಬಂಧ ಅಲ್ಲಿಗೆ ಮುಗಿಯುತ್ತದೆ: ಮೈಕಿನಲ್ಲಿ ಹೇಳಿದ್ದೆಲ್ಲ ನಾನೇ ಆಗಿದ್ದೆ. ಆದರೂ ನಾನಲ್ಲ.

ಹೇಳುವಾಗ ಆ ಹೆಂಗಸು ನನ್ನ ಕಣ್ಣ ಮುಂದೆ ಇದ್ದಳು. ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು. ಅದು ಪ್ರಬಂಧದಲ್ಲಿ ಇತ್ತೋ ಇಲ್ಲವೋ ಗೊತ್ತಿಲ್ಲ.

ಮುಂದೆ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. "ಮೇಡಂ, ಆ ಕಳೆದುಹೋದಾಕಿ ಸಿಕ್ಕಳೇನ್ರಿ?"

"ಗೊತ್ತಿಲ್ಲವಾ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬರೆಯುವಾಗ ನಾನೂ ಕೇಳಿರಲಿಲ್ಲ.

ಊಟಕ್ಕೆ ಗೆಳತಿ ಮನೆಗೆ ಕರೆದುಕೊಂಡು ಹೋದಳು. ಮನೆಯಲ್ಲಿ ನಾವಿಬ್ಬರೇ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಬಡಿಯುತ್ತಲೇ ಅವಳು ಬೆನ್ನು ತಿರುಗಿಸಿಕೊಂಡು ಮಾತು ತೆಗೆದಳು.

"ಆ ಹುಡುಗಿ ಸಿಕ್ಕಿದ್ಳು ಬೇ. ಹೊಳಿ ಮೆಟ್ಟಲ ಮ್ಯಾಲ ಕುಂತು ಬಾಳಿಹಣ್ಣ ತಿನ್ನಾಕತ್ತಿದ್ಳು. ನಮ್ಮಪ್ಪನೇ ಎತ್ಕೊಂಡ ಬಂದ."

"ಹಂಗಾದ್ರ ಪ್ರಬಂಧದಾಗ ಯಾಕ ಹೇಳ್ಲಿಲ್ಲ?"

"ನಾ ಯಾಕ ಹೇಳ್ಲಿ? ಅದು ನಿನ್ನ ಪ್ರಬಂಧ." ಅವಳು ತಿರುಗಿದಳು. "ನೀ ಸಣ್ಣಾಕಿದ್ದಾಗ ಅಮವಾಸಿಗೆ ಬಂದಿದ್ದಿ, ಮೈಕಿನ್ಯಾಗ ಕರದ್ರಂತ ಹೋಗಿ ನಿಂತಿದ್ದಿ. ನೀನೇ ಹೇಳಿದ್ದಿ, ನಾ ಬರದಿದ್ದೆ. ಹುಡುಗಿ ಸಿಗೂ ಮೊದಲ ನೀ ನಿಮ್ಮವ್ವನ ಕೂಡ ಬಸ್ ಹತ್ತಿ ಹೋಗಿರಬೇಕು, ನಿನಗ ಹ್ಯಾಂಗ ಗೊತ್ತಾಗಬೇಕು?"

ಅಮವಾಸ್ಯೆಗೆ ಘತ್ತರಗಿಗೆ ನಾವು ಹೋಗುತ್ತಿದ್ದದ್ದು ನಿಜ. ಅವ್ವ ವರ್ಷಕ್ಕೊಮ್ಮೆಯಾದರೂ ಕರೆದುಕೊಂಡು ಹೋಗುತ್ತಿದ್ದಳು. ಹಳದಿ ಫ್ರಾಕು ಇತ್ತೋ ಇಲ್ಲವೋ. ಆ ಕಾಲದಲ್ಲಿ ಯಾರಿಗೆ ಇರಲಿಲ್ಲ?

"ಅದು ನೀ ಹೇಳಿದ್ದು, ನಾ ಬರದಿದ್ದು. ನಿಮ್ಮ ಅಂಗಡಿ ಮುಂದ ನಿಂತಿದ್ದಿ ನೀ," ಎಂದೆ.

"ನಮ್ಮ ಅಂಗಡಿ ಮುಂದ ನಿಂತಿದ್ರ ನಮ್ಮಪ್ಪ ನನ್ನ ಬಿಡ್ತಿದ್ದೇನು ಆ ಗದ್ದಲದಾಗ? ಕಾಯಿ ಸುಲಿಯಾಕ ಹಚ್ಚತಿದ್ದ." ಅವಳು ರೊಟ್ಟಿ ತಿರುವಿದಳು. "ನೋಡು, ನೀ ಇವತ್ತ ಏನ್ ಹೇಳಾಕ ಬಂದಿದ್ದಿ ನನಗ ಗೊತ್ತದ. ನೀ ಎದ್ದಾಗ ನನ್ನ ಎದಿ ಧಸಕ್ ಅಂತು."

"ಹ್ಯಾಂಗ ಗೊತ್ತು?"

"ಐತ್ವಾರದ ಪೇಪರಿನ್ಯಾಗ ಬರದಿದ್ದಿಯಲ್ಲ. ಸ್ಟಾಫ್ ರೂಮಿನ್ಯಾಗ ನಾನೇ ಎಲ್ಲಾರ್ಗೂ ಕೊಟ್ಟೆ, ನಮ್ಮ ಗೆಳತಿ ಬರದಾಳ ನೋಡ್ರಿ ಅಂತ ಡೌಲ ಮಾಡಿ. ಆಮ್ಯಾಲ ನಾ ಕುಂತು ಓದಿದ್ರ ಏನದ? ನನ್ನ ಪ್ರಬಂಧ! ಒಂದು ವಾರ ನನಗ ಊಟ ಸೇರ್ಲಿಲ್ಲ."

"ನನಗ ಫೋನ್ ಮಾಡಬೇಕಿತ್ತು."

"ಮಾಡಿ ಏನಂತ ಕೇಳ್ಲಿ? ಏ ಕಳ್ಳಿ, ನನ್ನ ಮಾರಿ ತಿರುಗಿ ಕೊಡು ಅಂತನಾ?"

ಇಬ್ಬರೂ ನಕ್ಕೆವು. ಆದರೆ ಆ ಹಾಲ್‌ನಲ್ಲಿ ನಾನು ಒಂದು ಗಳಿಗೆ ಅನುಭವಿಸಿದ್ದನ್ನು ಇವಳು ವರ್ಷಗಟ್ಟಲೆ ಒಳಗಿಟ್ಟುಕೊಂಡು ಓಡಾಡಿದ್ದಳು. ಪ್ರತಿ ಯುಗಾದಿಗೆ ಫೋನು ಮಾಡಿದ್ದಳು. ಇವತ್ತು ಹಾರ ಹಾಕಿ ವೇದಿಕೆ ಕೊಟ್ಟಿದ್ದಳು.

"ಹಂಗಿದ್ದರೂ ನನ್ನ ಮುಂದೇ ಹೇಳ್ದಿಯಲ್ಲ," ಎಂದೆ.

"ವರ್ಷಾ ಹೊಸ ಹುಡುಗರಿಗೆ ಹೇಳ್ತೇನಿ. ನೀ ಬಂದೀ ಅಂತ ಒಂದ ವರ್ಷ ಬಿಟ್ಟಿದ್ರ ಅದು ಸುಳ್ಳ ಅಂತ ನಾನೇ ಒಪ್ಪಿಕೊಂಡಂಗ ಆಗ್ತಿತ್ತು."

ನಾನು ವಾದಕ್ಕೆ ಇಳಿದೆ. ಇಳಿಯಬಾರದಿತ್ತೇನೋ. ಕೊಳಕೂರಿನ ಅಜ್ಜಿ, ಅವಳ ದನಿ, ಅವಳು ಕೂರುತ್ತಿದ್ದ ಮಣೆ ಎಲ್ಲ ಹೇಳಿದೆ. ಅವಳು ಸಮಾಧಾನದಿಂದ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮಾಯಿ ಮನ್ಯಾಗ ಕಿಡಕಿ ಎಲ್ಲಿತ್ತು? ನಿಮ್ಮಕ್ಕನ ಲಗ್ನಕ್ಕ ನಾನೂ ಕೊಳಕೂರಿಗೆ ಬಂದಿದ್ದೆ. ದೇವರ ಮನ್ಯಾಗ ಕುಂತು ನಾವು ಮಾಲಿ ಕಟ್ಟೇವಿ. ಕತ್ತಲ ಮನಿ. ಮ್ಯಾಲ ಬೆಳಕಿಂಡಿ ಒಂದ."

ಅದು ಸರಿ. ಆ ಮಾಳಿಗೆ ಮನೆಯ ದೇವರ ಕೋಣೆಗೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದು ಬೆಳಕಿಂಡಿ. ಅದರಡಿ ಕೂತರೆ ಲಿಂಗದಲ್ಲಿ ಒಂದು ಬೆಳ್ಳಗಿನ ಚುಕ್ಕೆ ಕಂಡೀತೇ ಹೊರತು ಸರಳು ಕಾಣುವುದಿಲ್ಲ. ಅಜ್ಜಿ ಪೂಜೆಗೆ ಪಡಸಾಲೆಯಲ್ಲಿ ಕೂರುತ್ತಿದ್ದಳೇ? ಇರಬಹುದು. ಅಫಜಲಪುರದ ನಮ್ಮ ಬಾಡಿಗೆ ಮನೆಗೆ ಕಿಟಕಿ ಇತ್ತು. ಎರಡನ್ನೂ ಸೇರಿಸಿ ಹೇಳಿದೆನೇ? ಅಥವಾ ಸರಳು, ಕಿಡಕಿ, ಆ ಅಂಕಿತ, ಇವೆಲ್ಲ ಅವಳು "ಹಿಂಗ ಹಾಕು" ಎಂದು ಸೇರಿಸಿದವೇ? ಸಾವಿರ ಸಲ ಹೇಳಿದ ಕತೆಯಲ್ಲಿ ಈ ಒಂದು ಕಿಟಕಿಯನ್ನು ನಾನು ಒಮ್ಮೆಯೂ ಹೋಗಿ ಮುಟ್ಟಿ ನೋಡಿರಲಿಲ್ಲ.

ನಾನು ಸುಮ್ಮನಾದದ್ದು ನೋಡಿ ಅವಳಿಗೆ ಹುರುಪು ಬಂತು. ತಟ್ಟೆಗೆ ಪಲ್ಯ ಬಡಿಸುತ್ತ ಅಪ್ಪನ ವಿಷಯ ಶುರುಮಾಡಿದಳು. ಸರ್ ಸಂತೆಯ ದಿನ ಅಪ್ಪನನ್ನು ಶಾಲೆಗೆ ಕರೆಸಿ, ನಿನ್ನ ಮಗಳು ಬರೆದಿದ್ದಾಳೆ ನೋಡು ಎಂದು ಓದಿ ಹೇಳಿದ್ದರಂತೆ.

"ನಮ್ಮಪ್ಪಗ ಓದಾಕ ಬರಂಗಿಲ್ಲ. ಹಾಳಿ ಕೈಯಾಗ ಹಿಡಕೊಂಡು ನೋಡೇ ನೋಡಿದ. ಮನಿಗಿ ಬಂದು ನಮ್ಮವ್ವಗ ಹೇಳಿದ, ಏನ್ ಅಕ್ಷರ ಅಂತಿ, ಜ್ವಾಳದ ಕಾಳ ಪೋಣಿಸಿದಂಗ ಅವ, ಇಂಥಾ ಕೈಗಿ ಕಳೇ ತೆಗಿಯಾಕ ಹಚ್ಚೂದು ಬ್ಯಾಡಂತ. ಇನ್ನೂ ಹೇಳ್ತಾನ. ಬಂದವರ್ಗೆಲ್ಲ ಹೇಳ್ತಾನ."

ಹೇಳಿ ಮುಗಿಸಿದವಳು ಹಾಗೇ ನಿಂತಳು. ಸೌಟು ಕೈಯಲ್ಲೇ ಇತ್ತು.

ನನಗೂ ಆಗಲೇ ಹೊಳೆದಿತ್ತು. ಜೋಳದ ಕಾಳು ಪೋಣಿಸಿದಂಥ ಅಕ್ಷರ ನನ್ನದಾಗಿರಲು ಸಾಧ್ಯವಿಲ್ಲ. ಅಪ್ಪ ಕೈಯಲ್ಲಿ ಹಿಡಿದ ಹಾಳೆ ಅವಳು ಬರೆದದ್ದು. ಅಂದರೆ ಹೇಳಿದವಳು ನಾನು. ನಮ್ಮ ತರಗತಿಯ ಕಟ್ಟಳೆಯ ಪ್ರಕಾರ ಅಕ್ಷರ ಯಾರದೋ ಪ್ರಬಂಧ ಅವರದಲ್ಲ.

ಇದನ್ನು ಬಾಯಿಬಿಟ್ಟು ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಅವಳು ಕಳೆದುಕೊಳ್ಳುತ್ತಿದ್ದದ್ದು ಬರೀ ಪ್ರಬಂಧವನ್ನಲ್ಲ. ಕಾಲೇಜು, ಕೆಲಸ, ಈ ಮನೆ, ವರ್ಷ ವರ್ಷ ಮಕ್ಕಳ ಮುಂದೆ ನಿಂತು ಹೇಳಿದ ಮಾತು, ಎಲ್ಲದರ ಬುಡದಲ್ಲಿ ಆ ಹಾಳೆ ಇತ್ತು. ನಾನು ಕಳೆದುಕೊಳ್ಳುವುದಿದ್ದದ್ದು ಹೆಮ್ಮೆಯಷ್ಟೇ. ಆದರೂ ಹೇಳಬೇಕೆನಿಸಿತು. ಹೇಳದೇ ಇದ್ದದ್ದು ದೊಡ್ಡತನದಿಂದ ಎಂದು ಬರೆದರೆ ತಪ್ಪಾಗುತ್ತದೆ. ಕಿಟಕಿ ನನ್ನ ಬಾಯಿ ಕಟ್ಟಿತ್ತು. ಆ ಕಿಟಕಿಯ ತೊಡಕು ಇಲ್ಲದಿದ್ದರೆ ನಾನು ಬಿಟ್ಟುಕೊಡುತ್ತಿದ್ದೆನೆಂದು ನನಗೆ ಭರವಸೆ ಇಲ್ಲ.

ಅವಳೇ ಮಾತಾಡಿದಳು. "ನಮ್ಮಪ್ಪ ನೋಡಿದ್ದು ಬರೀ ಅಕ್ಷರ. ಹೌದಿಲ್ಲ?"

"ಸರ್ ಓದಿ ಹೇಳಿದ್ರು ಅಂದಿಯಲ್ಲ."

"ಓದಿದ್ರು. ಅಪ್ಪಗ ಎಷ್ಟ ತಿಳೀತೋ ಬಿಟ್ಟಿತೋ. ಲಿಂಗದ ಮಾತ ಅಂತ ಕೈ ಮುಗದನಂತ." ಅವಳು ಎದುರಿಗೆ ಕೂತಳು. ತನಗೂ ಒಂದು ರೊಟ್ಟಿ ಹಾಕಿಕೊಂಡಳು.

ಆಮೇಲೆ ನಾನು ಒಂದು ಉಪಾಯ ಹೇಳಿದೆ. ಇಬ್ಬರೂ ಬೇರೆ ಬೇರೆ ಕೂತು ಆ ಪ್ರಬಂಧವನ್ನು ಮತ್ತೆ ಬರೆಯೋಣ, ಯಾರಿಗೆ ಹೆಚ್ಚು ನೆನಪಿದೆ ನೋಡೋಣ ಎಂದೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಹೊಳೆಯುವಂಥ ಉಪಾಯ.

"ಬ್ಯಾಡ ಬೇ. ಎರಡೂ ಬ್ಯಾರೆ ಬ್ಯಾರೆ ಬರ್ತಾವ. ಆಮ್ಯಾಲ ಮೊದಲಿಂದು ಇದರಾಗ ಯಾವುದೂ ಅಲ್ಲ ಅಂತ ನೀನೇ ತಕರಾರ ತೆಗೀತಿ."

ನನ್ನ ಪ್ರಬಂಧಗಳ ಪುಸ್ತಕ ಬರಲಿದೆ, ಪತ್ರಿಕೆಯಲ್ಲಿ ಬಂದ ಆ ಬರಹ ಅದರಲ್ಲಿ ಮೊದಲನೆಯದು, ತೆಗೆದುಬಿಡುತ್ತೇನೆ ಎಂದೆ. ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು.

"ಯಾಕ ತೆಗೀತಿ? ಇರ್ಲಿ. ತೆಗದ್ರ ನಾ ಬೈದು ತೆಗಸೀನಿ ಅಂತ ನನಗ ಅನಸ್ತದ. ನೀ ಬರದಿದ್ದು ಇರ್ಲಿ, ನಾ ಹುಡುಗರಿಗೆ ಹೇಳೂದೂ ಬಿಡಂಗಿಲ್ಲ. ಅಪ್ಪ ಇರೂತನಕರ ಬಿಡಂಗಿಲ್ಲ."

"ಆ ಮೈಕಿನದು?"

"ಅದನ್ನ ನೀನೇ ಇಟ್ಕೊ. ಚಂದ ಹೇಳ್ದಿ."

ಅವಳು ಉದಾರವಾಗಿ ಕೊಟ್ಟದ್ದೋ, ನನ್ನದನ್ನು ನನಗೆ ತಿರುಗಿಸಿದ್ದೋ ಅವಳ ಮುಖ ನೋಡಿ ತಿಳಿಯಲಿಲ್ಲ. ಕೇಳಲೂ ಇಲ್ಲ. ಸಂಜೆ ಬಸ್ಸಿನಲ್ಲಿ ಅವ್ವನಿಗೆ ಫೋನು ಮಾಡಿ, ಸಣ್ಣವಳಿದ್ದಾಗ ಘತ್ತರಗಿಯಲ್ಲಿ ನಾನು ಎಲ್ಲಿಯಾದರೂ ಕೈ ಬಿಟ್ಟು ಹೋಗಿದ್ದೆನೇ ಎಂದು ಕೇಳಿದೆ. "ನೀ ಯಾವಾಗ ಕೈ ಹಿಡದಿದ್ದಿ?" ಎಂದಳು ಅವ್ವ. ಅದರಿಂದ ಏನೂ ಇತ್ಯರ್ಥವಾಗಲಿಲ್ಲ.

ಪುಸ್ತಕ ಅಚ್ಚಿಗೆ ಹೋಗಿದೆ. ಆ ಬರಹವನ್ನು ತೆಗೆದಿಲ್ಲ. ಕೊಳಕೂರಿನ ಮನೆಯ ಕಿಟಕಿಯನ್ನು ಮಾತ್ರ ತಿದ್ದಲು ಹೋಗಿ, ತಿದ್ದಿದರೆ ಅಂಕಿತ ನಿಲ್ಲುವುದಿಲ್ಲವೆಂದು ಹಾಗೇ ಬಿಟ್ಟೆ. ಈ ಜೂನಿನಲ್ಲಿ ಅವಳ ಶಾಲೆಗೆ ಹೊಸ ಮಕ್ಕಳು ಬಂದಿದ್ದಾರೆ, ಅವಳು ಅವರಿಗೂ ಹೇಳಿದ್ದಾಳೆ. ಅವಳ ಮಕ್ಕಳು ಅದನ್ನು ಅವಳದೆಂದು ಕೇಳುತ್ತಾರೆ, ನನ್ನ ಓದುಗರು ನನ್ನದೆಂದು ಓದುತ್ತಾರೆ. ಎರಡನ್ನೂ ಬಲ್ಲವರು ಯಾರಾದರೂ ಎದುರಿಗೆ ಬಂದು ಕೇಳಿದರೆ ಏನು ಹೇಳಬೇಕೆಂದು ನಾವಿನ್ನೂ ಮಾತಾಡಿಕೊಂಡಿಲ್ಲ.